ಒಂದು ಮೀಟರ್ ನೀರಿನಷ್ಟು ಒತ್ತಡ

ಭೂಕಂಪವಾದ ಮೇಲೆ ನೆಲದೊಳಗಿನ ಒತ್ತಡ ಕರಗಿಹೋಗುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಬಿರುಕು ಜಾರಿದ ಕಡೆ ಒತ್ತಡ ಇಳಿದರೂ ಅದರ ತುದಿಗಳಲ್ಲಿ ಏರುತ್ತದೆ. ನಮ್ಮ ಕೊಲ್ಲೂರು ಘಟ್ಟವಿರುವ ಸಹ್ಯಾದ್ರಿ ಸಾಲಿನಲ್ಲೇ ಇರುವ ಮಹಾರಾಷ್ಟ್ರದ ಕೊಯ್ನಾದಲ್ಲಿ 1967ರಲ್ಲಿ 6.3 ಪ್ರಮಾಣದ ಭೂಕಂಪವಾಯಿತು. ಆಮೇಲೂ ದಶಕಗಟ್ಟಲೆ ಆ ಸೀಮೆ ಅದುರುತ್ತಲೇ ಬಂದಿದೆ. ಒತ್ತಡದ ಬದಲಾವಣೆಯನ್ನು ಇಂದು ಬಹುಮಟ್ಟಿಗೆ ಲೆಕ್ಕದಿಂದಲೇ ಕಂಡುಕೊಳ್ಳುತ್ತಾರೆ: ನೆಲ ಎಷ್ಟು ಸರಿಯಿತೆಂದು ಜಿಪಿಎಸ್, ಉಪಗ್ರಹ ರೇಡಾರ್ ತೋರಿಸುತ್ತವೆ. ಕೇವಲ 0.1 ಬಾರ್, ಅಂದರೆ ಒಂದು ಮೀಟರ್ ನೀರಿನ ಭಾರದಷ್ಟು ಒತ್ತಡ ಹೆಚ್ಚಿದ ಕಡೆಯೂ ಮರುಕಂಪನಗಳು ಹೆಚ್ಚಿದ್ದು ಕಂಡುಬಂದಿದೆ.

ಹಾಗಾದರೆ ಕುಂದಾಪುರದ ಪಕ್ಕದ ಗಂಗೊಳ್ಳಿ ಅಳಿವೆಯಲ್ಲಿ ನೀರು ದಿನಕ್ಕೆರಡು ಸಲ ಸುಮಾರು ಅಷ್ಟೇ ಏರಿಳಿದರೂ ಕುಂದಾಪುರ ಏಕೆ ನಡುಗುವುದಿಲ್ಲ? ನ್ಯಾಯವಾದ ಪ್ರಶ್ನೆಯೇ. ಭರತದ ಭಾರ ಗಂಟೆಗಳಲ್ಲಿ ಇಳಿಯುತ್ತದೆ. ಕಂಪನ ಬಿಟ್ಟುಹೋದ ಒತ್ತಡ ವರ್ಷಗಟ್ಟಲೆ ನಿಲ್ಲುತ್ತದೆ. ಅದೂ ಜಾರಲು ಸಿದ್ಧವಾಗಿರುವ ಬಿರುಕನ್ನಷ್ಟೇ ಕದಲಿಸೀತು. ಆದ್ದರಿಂದ ಈ ಲೆಕ್ಕ ಮುಂದಿನ ಕಂಪನದ ದಿನ ಹೇಳದು, ಎಚ್ಚರದಿಂದಿರಬೇಕಾದ ಜಾಗ ತೋರಿಸುತ್ತದೆ.