ನಕ್ಷೆ ಮೊದಲು, ದೂರದರ್ಶಕ ಆಮೇಲೆ

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ನೆಲೆಸಿರುವ ಕರಾವಳಿಯ ಕುಟುಂಬಗಳಿವೆ. ಊರಿನಲ್ಲಿ ಅಂಗಳಕ್ಕೆ ಇಳಿದರೆ ಕಾಣುತ್ತಿದ್ದ ನಕ್ಷತ್ರಗಳು ಅಲ್ಲಿನ ಮಕ್ಕಳಿಗೆ ಅಪರೂಪ. ಬೀದಿದೀಪ, ಅಂಗಡಿಗಳ ಬೆಳಕು ಮತ್ತು ಧೂಳಿನಲ್ಲಿ ಆಕಾಶ ಮಂಕಾಗಿದೆ. ಮಗು ಆಸಕ್ತಿ ತೋರಿದಾಗ ಹೆತ್ತವರಿಗಾಗಲಿ, ಧರ್ಮಕೇಂದ್ರದ ಯುವಜನರಿಗಾಗಲಿ ಮೊದಲು ಹೊಳೆಯುವುದು ದೂರದರ್ಶಕ. ಸಾವಿರಾರು ರೂಪಾಯಿ ಕೊಟ್ಟು ತಂದ ಉಪಕರಣ ಎಷ್ಟೋ ಕಡೆ ನಾಲ್ಕು ದಿನ ಬಳಕೆಯಾಗಿ ಅಟ್ಟ ಸೇರುತ್ತದೆ. ಎಲ್ಲಿ ನೋಡಬೇಕೆಂದು ತಿಳಿಯದವರಿಗೆ ದೂರದರ್ಶಕ ದಾರಿ ತೋರಿಸುವುದಿಲ್ಲ. ಆದ್ದರಿಂದ ಈ ಸಾಧನಗಳನ್ನು ಯಾವ ಕ್ರಮದಲ್ಲಿ ಬಳಸಬೇಕೆಂದು ಇಲ್ಲಿ ವಿವರಿಸುತ್ತೇವೆ.

ಮೊದಲನೆಯದು ನಕ್ಷೆ. ನಕ್ಷತ್ರಗಳು ದಿನಕ್ಕೆ ಸುಮಾರು 4 ನಿಮಿಷ ಮೊದಲೇ ಹುಟ್ಟುವುದರಿಂದ ತಿಂಗಳಿಂದ ತಿಂಗಳಿಗೆ ಸಂಜೆಯ ಆಕಾಶ ಬದಲಾಗುತ್ತದೆ. ಒಂದರ ಮೇಲೊಂದು ತಿರುಗುವ ಎರಡು ರಟ್ಟಿನ ಚಕ್ರಗಳ ನಕ್ಷೆಯಲ್ಲಿ ದಿನಾಂಕ ಮತ್ತು ಸಮಯವನ್ನು ಹೊಂದಿಸಿದರೆ ಆ ಹೊತ್ತಿನ ಆಕಾಶ ಕಾಣುತ್ತದೆ. ಆದರೆ ಅದು ನಮ್ಮ ಅಕ್ಷಾಂಶಕ್ಕೆ ತಯಾರಾಗಿರಬೇಕು. ಲಂಡನ್ನಿನಲ್ಲಿ ಧ್ರುವ ನಕ್ಷತ್ರ 51 ಡಿಗ್ರಿ ಎತ್ತರದಲ್ಲಿದ್ದರೆ ಬೆಂಗಳೂರಿನಲ್ಲಿ ಕೇವಲ 13 ಡಿಗ್ರಿ. ರಾಜಾಜಿನಗರದ ಕಟ್ಟಡಗಳ ನಡುವೆ ಅದು ಸುಲಭವಾಗಿ ಮರೆಯಾಗುತ್ತದೆ. ನಮಗೆ ಫೆಬ್ರವರಿ ರಾತ್ರಿ ದಕ್ಷಿಣದಲ್ಲಿ ಹೊಳೆಯುವ ಅಗಸ್ತ್ಯ ನಕ್ಷತ್ರ ಲಂಡನ್ನಿಗೆ ಕಾಣುವುದೇ ಇಲ್ಲ.

ಮಂಗಳೂರು ಮತ್ತು ಬೆಂಗಳೂರು ಎರಡೂ ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಆದ್ದರಿಂದ ಒಂದೇ ನಕ್ಷೆ ಎರಡೂ ಊರಿಗೆ ಸಾಕು. ಬೆಂಗಳೂರಿನಲ್ಲಿ ಹುಟ್ಟಿದ ನಕ್ಷತ್ರ ಮಂಗಳೂರಿನಲ್ಲಿ ಸುಮಾರು 11 ನಿಮಿಷ ತಡವಾಗಿ ಹುಟ್ಟುತ್ತದೆ, ಅಷ್ಟೇ ವ್ಯತ್ಯಾಸ. ಎತ್ತರ ಅಳೆಯಲು ನಮ್ಮ ಕೈಯೇ ಸಾಕು. ತೋಳನ್ನು ನೇರವಾಗಿ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಕಂಪ್ಯೂಟರ್‌ ಇದ್ದವರಿಗೆ ಉಚಿತವಾಗಿ ದೊರೆಯುವ ಸ್ಟೆಲೇರಿಯಂ ತಂತ್ರಾಂಶವೂ ಇದೆ. ಮೊಬೈಲ್ ಬಳಸುವವರು ಪರದೆಯ ಬೆಳಕನ್ನು ತಗ್ಗಿಸಬೇಕು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸುಮಾರು 20 ನಿಮಿಷ ಬೇಕು. ಟಾರ್ಚಿಗೆ ಕೆಂಪು ಕಾಗದ ಸುತ್ತಿದರೆ ಒಳ್ಳೆಯದು.

ನಕ್ಷೆ ತಯಾರಿಸುವ ಕೆಲಸ ಎಷ್ಟು ತಾಳ್ಮೆ ಬೇಡುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡಬಹುದು. 1887ರಲ್ಲಿ ಪ್ಯಾರಿಸ್ಸಿನಲ್ಲಿ ಇಡೀ ಆಕಾಶದ ಛಾಯಾಚಿತ್ರ ನಕ್ಷೆಯ ಯೋಜನೆ ರೂಪುಗೊಂಡಿತು. ಹೈದರಾಬಾದಿನ ನಿಜಾಮಿಯ ವೀಕ್ಷಣಾಲಯವೂ ಅದರಲ್ಲಿ ಪಾಲ್ಗೊಂಡಿತು. ವ್ಯಾಟಿಕನ್ ಪಾಲಿಗೆ ಬಂದ ಭಾಗದಲ್ಲಿ 1910ರಿಂದ 1921ರವರೆಗೆ ಮರಿಯ ಬಂಬೀನ ಸಭೆಯ ಧರ್ಮಭಗಿನಿಯರು ಗಾಜಿನ ಫಲಕಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ 4,81,215 ನಕ್ಷತ್ರಗಳ ಸ್ಥಾನವನ್ನು ಅಳೆದರು. ಎಮಿಲಿಯ ಪೊನ್ಜೋನಿ, ರೆಜಿನ ಕೊಲೊಂಬೊ, ಕೊನ್ಚೆತ್ತ ಫಿನಾರ್ದಿ, ಲುಯಿಜ ಪಂಚೇರಿ ಎಂಬ ಆ ನಾಲ್ವರ ಹೆಸರುಗಳು ಲೋಕಕ್ಕೆ ತಿಳಿದದ್ದು ಸುಮಾರು ನೂರು ವರ್ಷಗಳ ನಂತರ, 2016ರಲ್ಲಿ.

ಎರಡನೆಯ ಸಾಧನ ಬೈನಾಕ್ಯುಲರ್. ಅದರ ಮೇಲೆ 10×50 ಎಂದಿದ್ದರೆ 10 ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಮಸೂರದ ವ್ಯಾಸ 50 ಮಿಲಿಮೀಟರ್ ಎಂದರ್ಥ. ವಿಜಯನಗರದ ತಾರಸಿಯಿಂದಲೂ ಇದರಲ್ಲಿ ಚಂದ್ರನ ಕುಳಿಗಳನ್ನು, ಕೃತ್ತಿಕೆಯ ಗುಂಪನ್ನು ನೋಡಬಹುದು. ಕೈ ಅಲುಗದಂತೆ ಗೋಡೆಗೆ ಆನಿಸಿಕೊಂಡರೆ ಗುರುಗ್ರಹದ ಚಂದ್ರರೂ ಚುಕ್ಕೆಗಳಂತೆ ಕಾಣುತ್ತವೆ. 1610ರ ಜನವರಿಯಲ್ಲಿ ಗೆಲಿಲಿಯೊ ಕಂಡದ್ದು ಇವನ್ನೇ. ಯಾವುದೇ ಕಾರಣಕ್ಕೂ ಬೈನಾಕ್ಯುಲರ್ ಅಥವಾ ದೂರದರ್ಶಕದಿಂದ ಸೂರ್ಯನನ್ನು ನೋಡಬಾರದು; ಕಣ್ಣೇ ಹೋಗಬಹುದು.

ಇಷ್ಟು ಅಭ್ಯಾಸವಾದ ಮೇಲೆ ದೂರದರ್ಶಕ. ಪೆಟ್ಟಿಗೆಯ ಮೇಲಿನ "500 ಪಟ್ಟು" ಎಂಬ ಬರಹಕ್ಕೆ ಮರುಳಾಗಬಾರದು. ಮಸೂರ ಅಥವಾ ಕನ್ನಡಿಯ ವ್ಯಾಸವೇ ಮುಖ್ಯ. ಪ್ರತಿ ಮಿಲಿಮೀಟರಿಗೆ 2 ಪಟ್ಟು ಎಂಬುದು ಸಾಮಾನ್ಯ ಮಿತಿ. 60 ಮಿಲಿಮೀಟರಿನ ದೂರದರ್ಶಕಕ್ಕೆ 120 ಪಟ್ಟು ಮೀರಿದರೆ ಬಿಂಬ ಮಸುಕಾಗುತ್ತದೆ. ಶನಿಯ ಬಳೆ ಕಾಣಲು 30 ಪಟ್ಟು ಸಾಕು. ಅಲುಗಾಡದ ಮುಕ್ಕಾಲಿ ಪೀಠವನ್ನೂ ನೋಡಿ ಕೊಳ್ಳಬೇಕು.

ನಗರದ ಬೆಳಕಿನಲ್ಲಿ ಚಂದ್ರ, ಗ್ರಹಗಳು ಚೆನ್ನಾಗಿಯೇ ಕಾಣುತ್ತವೆ, ಆಕಾಶಗಂಗೆ ಕಾಣುವುದಿಲ್ಲ. ಅದಕ್ಕೆ ಕತ್ತಲೆಯ ಊರೇ ಬೇಕು. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯು ಸಹ 1986ರಲ್ಲಿ ಉದ್ಘಾಟನೆಯಾದ ತನ್ನ 2.3 ಮೀಟರ್ ದೂರದರ್ಶಕವನ್ನು ಇಟ್ಟಿರುವುದು ತಮಿಳುನಾಡಿನ ಕವಲೂರಿನ ಬೆಟ್ಟದಲ್ಲಿ. ಕ್ರಿಸ್ಮಸ್ ರಜೆಗೆ ಊರಿಗೆ ಬರುವ ಮಕ್ಕಳಿಗೆ ಮಳೆ ಮುಗಿದ, ಬೆಳಕು ಕಡಿಮೆಯಿರುವ ನಮ್ಮ ಹಳ್ಳಿಗಳೇ ಒಳ್ಳೆಯ ವೀಕ್ಷಣಾಲಯ.

ಕಲಿಯಲು ನೆರವು ಬೇಕಾದವರಿಗೆ ಬೆಂಗಳೂರಿನಲ್ಲಿ 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರು ತಾರಾಲಯವಿದೆ. ಕೆಂಗೇರಿ, ವಿಜಯನಗರದವರು ನೇರಳೆ ಮಾರ್ಗದ ಮೆಟ್ರೊದಲ್ಲಿ ವಿಧಾನಸೌಧ ನಿಲ್ದಾಣಕ್ಕೆ ಬಂದರೆ ಅಲ್ಲಿಂದ ತಾರಾಲಯ ಹತ್ತಿರ. ಮಂಗಳೂರಿನವರಿಗೆ ಪಿಲಿಕುಳದಲ್ಲಿ 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯವಿದೆ. ಹಣ ಖರ್ಚು ಮಾಡುವ ಮೊದಲು ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ. ಬಳಿಕ ಒಂದು ತಿಂಗಳು ನಕ್ಷೆ ಹಿಡಿದು ತಾರಸಿಯಲ್ಲಿ ನಿಲ್ಲಲಿ. ಆಮೇಲೂ ಅವರು ದೂರದರ್ಶಕ ಕೇಳಿದರೆ ಧೈರ್ಯವಾಗಿ ಕೊಡಿಸಬಹುದು.