ಪೆನ್‌ಡ್ರೈವ್‌ನ ಮೊದಲ 512 ಬೈಟ್

ಉಬುಂಟುವಿನ ಐಎಸ್‌ಒ ಫೈಲನ್ನು ಇಳಿಸಿಕೊಂಡು, ಹಾಗೆಯೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಆನ್ ಮಾಡಿ ನೋಡಿ. ಏನೂ ಆಗುವುದಿಲ್ಲ. ಫೈಲಿನ ಒಂದು ಬೈಟೂ ಕಳೆದಿರುವುದಿಲ್ಲ, ಆದರೂ ಯಂತ್ರ ಅದರತ್ತ ತಿರುಗಿಯೂ ನೋಡುವುದಿಲ್ಲ. ಅದೇ ಫೈಲನ್ನು ರೂಫಸ್‌ನಂಥ ಪುಟ್ಟ ತಂತ್ರಾಂಶಕ್ಕೆ ಕೊಟ್ಟು ಅದೇ ಪೆನ್‌ಡ್ರೈವ್‌ಗೆ ಬರೆಸಿದರೆ ಮಾತ್ರ ಇನ್‌ಸ್ಟಾಲರ್ ಎದ್ದು ಬರುತ್ತದೆ. ರಿಪೇರಿ ಅಂಗಡಿಯ ಹುಡುಗರು ಇದನ್ನು ‘ಬೂಟೆಬಲ್ ಮಾಡೋದು’ ಅಂತಾರೆ. ಎರಡು ಸಲವೂ ಮಾಹಿತಿ ಅದೇ, ಪೆನ್‌ಡ್ರೈವ್ ಅದೇ. ಯಾವ ಬೈಟ್ ಎಲ್ಲಿ ಕೂತಿದೆ ಎಂಬುದಷ್ಟೇ ಬೇರೆ.

ಕರೆಂಟು ಹರಿದ ಮೊದಲ ಕ್ಷಣದಲ್ಲಿ ಪ್ರೊಸೆಸರ್‌ಗೆ ಫೈಲ್ ಎಂದರೇನು, ಫೋಲ್ಡರ್ ಎಂದರೇನು ಒಂದೂ ಗೊತ್ತಿರುವುದಿಲ್ಲ. ರ‍್ಯಾಮ್‌ನಲ್ಲಿ ಕೆಲಸಕ್ಕೆ ಬರುವಂಥದ್ದು ಏನೂ ಇರುವುದಿಲ್ಲ. ಡಿಸ್ಕಿನಿಂದ ಫೈಲ್ ಓದುವ ವಿದ್ಯೆ ಇರುವುದು ಆಪರೇಟಿಂಗ್ ಸಿಸ್ಟಮ್‌ನಲ್ಲಿ; ಆಪರೇಟಿಂಗ್ ಸಿಸ್ಟಮ್ ಇರುವುದು ಡಿಸ್ಕಿನಲ್ಲಿ. ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಬಿಟ್ಟು ಬೀಗ ಹಾಕಿದಂತೆ. ಇದರಿಂದ ಪಾರಾಗಲು ಪ್ರೊಸೆಸರ್ ತಯಾರಿಸುವವರು ಒಂದು ವಿಳಾಸವನ್ನು ಚಿಪ್‌ನಲ್ಲೇ ಗಟ್ಟಿ ಮಾಡಿಟ್ಟಿರುತ್ತಾರೆ. ಇಂಟೆಲ್ ಬಗೆಯ ಪ್ರೊಸೆಸರ್‌ಗಳಲ್ಲಿ ಅದು 4 ಜಿಬಿಗೆ ಸರಿಯಾಗಿ 16 ಬೈಟ್ ಕಡಿಮೆ ಇರುವ ಜಾಗ. ಎದ್ದ ಕೂಡಲೇ ಪ್ರೊಸೆಸರ್ ಕಣ್ಣುಮುಚ್ಚಿ ಅಲ್ಲಿಂದ ಓದಲು ಶುರುಮಾಡುತ್ತದೆ. ಆ ವಿಳಾಸಕ್ಕೆ ಉತ್ತರ ಕೊಡುವುದು ರ‍್ಯಾಮ್ ಅಲ್ಲ, ಮದರ್‌ಬೋರ್ಡ್ ಮೇಲಿನ ಒಂದು ಸಣ್ಣ ಫ್ಲ್ಯಾಶ್ ಚಿಪ್. ರ‍್ಯಾಮನ್ನು ಸಜ್ಜುಗೊಳಿಸಿ, ಕೀಬೋರ್ಡ್ ಮತ್ತು ಯುಎಸ್‌ಬಿಯನ್ನು ಎಬ್ಬಿಸುವ ಫರ್ಮ್‌ವೇರ್ ಅದರಲ್ಲಿದೆ. ಹಳೆಯ ಯಂತ್ರಗಳಲ್ಲಿ ಅದರ ಹೆಸರು ಬಯೋಸ್, ಈಗಿನವುಗಳಲ್ಲಿ ಯುಇಎಫ್‌ಐ.

1981ರ ಐಬಿಎಂ ಪಿಸಿಯಿಂದ ಬೆಳೆದುಬಂದ ಬಯೋಸ್ ಹೆಚ್ಚು ಓದಿದ್ದಲ್ಲ. ಅದಕ್ಕೂ ಫೈಲ್ ಗೊತ್ತಿಲ್ಲ. ಡಿಸ್ಕಿನ ಮೊಟ್ಟಮೊದಲ 512 ಬೈಟನ್ನು ಎತ್ತಿಕೊಳ್ಳುತ್ತದೆ, ಕೊನೆಯ ಎರಡು ಬೈಟ್‌ಗಳು 85 ಮತ್ತು 170 ಆಗಿವೆಯೇ ನೋಡುತ್ತದೆ. ದ್ವಿಮಾನದಲ್ಲಿ ಬರೆದರೆ 01010101, 10101010. ಒಂದು ಇನ್ನೊಂದರ ತಿರುಗುಮುರುಗು. ಈ ಮುದ್ರೆ ಸಿಕ್ಕಿತೋ, ಆ 512 ಬೈಟನ್ನು ರ‍್ಯಾಮ್‌ನ ಗೊತ್ತಾದ ಒಂದು ಜಾಗದಲ್ಲಿಟ್ಟು ಅಧಿಕಾರ ಬಿಟ್ಟುಕೊಡುತ್ತದೆ. ಹಾರ್ಡ್ ಡಿಸ್ಕ್ ಮತ್ತು ಪೆನ್‌ಡ್ರೈವ್‌ಗಳಲ್ಲಿ ಈ 512ರಲ್ಲಿ 64 ಬೈಟ್ ಡಿಸ್ಕಿನ ಭಾಗಗಳ ಪಟ್ಟಿಗೆ, 2 ಬೈಟ್ ಮುದ್ರೆಗೆ. ಉಳಿದ 446 ಬೈಟ್‌ನೊಳಗೆ ಒಂದು ಪ್ರೋಗ್ರಾಂ ತುರುಕಬೇಕು. ಈ ಪ್ಯಾರಾದ ಅರ್ಧ ಭಾಗ ಹಿಡಿಸಲಿಕ್ಕೂ ಸಾಲದ ಜಾಗ ಅದು. ಹಾಗಾಗಿ ಆ ಪ್ರೋಗ್ರಾಂ ತನಗಿಂತ ದೊಡ್ಡದೊಂದನ್ನು ಕರೆತರುವುದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ.

ಈಗ ಕಾಪಿ ಮಾಡಿದ ಐಎಸ್‌ಒ ಏಕೆ ಸುಮ್ಮನಿತ್ತು ಎಂಬುದು ಅರ್ಥವಾಗುತ್ತದೆ. ಪೆನ್‌ಡ್ರೈವ್‌ನ ಮುಂಭಾಗದಲ್ಲಿದ್ದದ್ದು ಅದನ್ನು ಮೊದಲು ಫಾರ್ಮ್ಯಾಟ್ ಮಾಡಿದಾಗ ಬರೆದ ಬೈಟ್‌ಗಳು. ಇನ್‌ಸ್ಟಾಲರ್ ಎಲ್ಲೋ ನಡುವೆ, ಒಂದು ಫೈಲಿನ ಹೊಟ್ಟೆಯೊಳಗೆ ಮಲಗಿತ್ತು.

ಹಾಗಾದರೆ ಐಎಸ್‌ಒದ ಮೊದಲ ಬೈಟನ್ನು ಪೆನ್‌ಡ್ರೈವ್‌ನ ಮೊದಲ ಬೈಟ್ ಮೇಲೆ, ಎರಡನೆಯದನ್ನು ಎರಡನೆಯದರ ಮೇಲೆ, ಹೀಗೆ ಸಾಲಾಗಿ ಬರೆದರೆ ಸಾಕೇ? ಒಂದು ಕಾಲದಲ್ಲಿ ಅದೂ ಸಾಲುತ್ತಿರಲಿಲ್ಲ. ಐಎಸ್‌ಒ ಹುಟ್ಟಿದ್ದು ಸಿಡಿಗಾಗಿ. 1988ರಲ್ಲಿ ಬಂದ ಐಎಸ್‌ಒ 9660 ಎಂಬ ಮಾನಕ ಸಿಡಿಯನ್ನು 2,048 ಬೈಟ್‌ಗಳ ತುಂಡುಗಳಾಗಿ ನೋಡುತ್ತದೆ. ಸಿಡಿಯಿಂದ ಯಂತ್ರ ಎಬ್ಬಿಸುವ ವಿಧಾನವನ್ನು ಐಬಿಎಂ ಮತ್ತು ಫೀನಿಕ್ಸ್ ಕಂಪನಿಗಳು 1995ರಲ್ಲಿ ಗೊತ್ತುಮಾಡಿದವು. ಅದರ ಹೆಸರು ಎಲ್ ಟೊರೀಟೊ, ಕ್ಯಾಲಿಫೋರ್ನಿಯಾದ ಒಂದು ಹೋಟೆಲಿನದ್ದು. ಆ ವಿಧಾನದಲ್ಲಿ ಬಯೋಸ್ ಹುಡುಕುವುದು ಸಿಡಿಯ ಆರಂಭವನ್ನಲ್ಲ, 17ನೇ ಸಂಖ್ಯೆಯ ತುಂಡನ್ನು. ಪೆನ್‌ಡ್ರೈವ್‌ನಲ್ಲಾದರೋ ಅದು ಹುಡುಕುವುದು ಮೊದಲ 512 ಬೈಟನ್ನು.

ಇಲ್ಲೊಂದು ಅದೃಷ್ಟ ಕೂಡಿಬಂತು. ಸಿಡಿಯ ಮಾನಕ ಬರೆದವರು ಮೊದಲ 16 ತುಂಡುಗಳನ್ನು, ಅಂದರೆ 32,768 ಬೈಟನ್ನು, ತಾವು ಬಳಸದೆ ಆಯಾ ಯಂತ್ರಗಳ ಉಪಯೋಗಕ್ಕೆಂದು ಖಾಲಿ ಬಿಟ್ಟಿದ್ದರು. ಎಚ್. ಪೀಟರ್ ಆನ್ವಿನ್ ಶುರುಮಾಡಿದ ಸಿಸ್‌ಲಿನಕ್ಸ್ ಯೋಜನೆಯವರು ಆ ಖಾಲಿ ಜಾಗದಲ್ಲಿ ಹಾರ್ಡ್ ಡಿಸ್ಕ್ ಮಾದರಿಯ 512 ಬೈಟನ್ನು, 85 ಮತ್ತು 170 ಸಮೇತ, ಕೂರಿಸಿದರು. ಇದಕ್ಕೆ ಐಸೋಹೈಬ್ರಿಡ್ ಎಂದು ಹೆಸರು. ಸಿಡಿಗೆ ಸುಟ್ಟರೆ ಅದು ಸಿಡಿ, ಪೆನ್‌ಡ್ರೈವ್‌ಗೆ ಬರೆದರೆ ಹಾರ್ಡ್ ಡಿಸ್ಕ್. ಎರಡೂ ಕಡೆ ಅದೇ ಬೈಟ್‌ಗಳು. ತಂತ್ರಾಂಶ ಲೋಕದಲ್ಲಿ ಇದಕ್ಕಿಂತ ಸದ್ದಿಲ್ಲದ, ಇದಕ್ಕಿಂತ ಚೊಕ್ಕವಾದ ಕೈಚಳಕ ನನಗಂತೂ ಹೆಚ್ಚು ಕಂಡಿಲ್ಲ. ಲಿನಕ್ಸ್‌ನಲ್ಲಿ ‘ಡಿಡಿ’ ಎಂಬ ಎರಡಕ್ಷರದ ಆದೇಶದಿಂದಲೇ ಬೂಟೆಬಲ್ ಪೆನ್‌ಡ್ರೈವ್ ತಯಾರಾಗುವುದು ಇದರ ಕೃಪೆ. ಡಿಡಿಗೆ ಹಿಂದುಮುಂದು ಕೇಳುವ ಅಭ್ಯಾಸವಿಲ್ಲ, ಡ್ರೈವ್‌ನ ಹೆಸರಲ್ಲಿ ಒಂದಕ್ಷರ ತಪ್ಪಿದರೆ ಮನೆಯವರ ಫೋಟೊಗಳಿರುವ ಹಾರ್ಡ್ ಡಿಸ್ಕನ್ನೇ ಅಳಿಸಿಹಾಕೀತು.

ಬಯೋಸ್‌ನದ್ದು ಇನ್ನೊಂದು ಭೋಳೆತನ: ಮುದ್ರೆ ಸರಿಯಿದ್ದರೆ ಸಾಕು, ಆ ಕೋಡ್ ಬರೆದವರು ಯಾರೆಂದು ಅದು ಕೇಳುವುದಿಲ್ಲ. ಲಾಹೋರಿನ ಇಬ್ಬರು ಸಹೋದರರು 1986ರಲ್ಲಿ ಬರೆದ ‘ಬ್ರೇನ್’ ವೈರಸ್ ಫ್ಲಾಪಿಯ ಈ ಮೊದಲ 512 ಬೈಟ್‌ನಲ್ಲೇ ಮನೆ ಮಾಡಿಕೊಂಡು ಊರೂರು ಸುತ್ತಿತು.

ಯುಇಎಫ್‌ಐ ಹಾಗಲ್ಲ. ಅದಕ್ಕೆ ಫ್ಯಾಟ್ ಮಾದರಿಯ ಡಿಸ್ಕನ್ನು ಓದಲು ಬರುತ್ತದೆ. ‘ಇಎಫ್‌ಐ’ ಎಂಬ ಫೋಲ್ಡರ್, ಅದರೊಳಗೆ ‘ಬೂಟ್’, ಅದರೊಳಗೆ ಗೊತ್ತಾದ ಹೆಸರಿನ ಒಂದು ಫೈಲ್ ಇದ್ದರೆ ಅದನ್ನೇ ಓಡಿಸುತ್ತದೆ. ಸೆಕ್ಯೂರ್ ಬೂಟ್ ಆನ್ ಇದ್ದರೆ ಆ ಫೈಲಿಗೆ ನಂಬಿಕಸ್ಥರ ಡಿಜಿಟಲ್ ಸಹಿ ಇದೆಯೇ ಎಂದೂ ಪರೀಕ್ಷಿಸುತ್ತದೆ. ಹೀಗಾಗಿ ಹೊಸ ಯಂತ್ರಗಳಿಗೆ ಐಎಸ್‌ಒವನ್ನು ಬಿಚ್ಚಿ, ಒಳಗಿನ ಫೈಲುಗಳನ್ನು ಫ್ಯಾಟ್32 ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೂ ಎಷ್ಟೋ ಸಲ ಕೆಲಸ ನಡೆದುಹೋಗುತ್ತದೆ. ವಿಂಡೋಸ್‌ನಲ್ಲಿ ಮಾತ್ರ ಒಂದು ತೊಡಕು. ಅದರ ‘ಇನ್‌ಸ್ಟಾಲ್ ಡಾಟ್ ವಿಮ್’ ಎಂಬ ಫೈಲು ಈಗ ಸಾಮಾನ್ಯವಾಗಿ 4 ಜಿಬಿ ದಾಟಿರುತ್ತದೆ, ಫ್ಯಾಟ್32ರಲ್ಲಿ ಅಷ್ಟು ದೊಡ್ಡ ಫೈಲಿಗೆ ಜಾಗವಿಲ್ಲ. ರೂಫಸ್ ಆಗ ಪೆನ್‌ಡ್ರೈವ್‌ನ ದೊಡ್ಡ ಭಾಗವನ್ನು ಎನ್‌ಟಿಎಫ್‌ಎಸ್ ಎಂಬ ಇನ್ನೊಂದು ಮಾದರಿಗೆ ತಂದು, ಪಕ್ಕದಲ್ಲಿ ಒಂದು ಪುಟಾಣಿ ಫ್ಯಾಟ್ ಭಾಗ ಇಡುತ್ತದೆ. ಅದರಲ್ಲಿರುವುದು ಯುಇಎಫ್‌ಐಗೆ ಎನ್‌ಟಿಎಫ್‌ಎಸ್ ಓದಲು ಕಲಿಸುವ ಡ್ರೈವರ್.

ಇಷ್ಟೆಲ್ಲ ಆಗಿ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ರ‍್ಯಾಮ್‌ಗೆ ಬಂದ ಮೇಲೆ ನಡೆಯುವುದು ಇನ್ನೂ ವಿಚಿತ್ರ. ಅಲ್ಲಿಯವರೆಗೆ ಪೆನ್‌ಡ್ರೈವನ್ನು ಓದುತ್ತಿದ್ದದ್ದು ಫರ್ಮ್‌ವೇರ್. ಕರ್ನಲ್ ಕೈಗೆ ಆಡಳಿತ ಬಂದ ಕೂಡಲೇ ಆ ಓದುಗ ಹೊರಟುಹೋಗುತ್ತದೆ. ಯಾವ ಪೆನ್‌ಡ್ರೈವ್‌ನಿಂದ ತಾನು ಈಗಷ್ಟೇ ಬಂದೆನೋ ಅದೇ ಕರ್ನಲ್‌ಗೆ ಕಾಣುವುದಿಲ್ಲ! ತನ್ನದೇ ಯುಎಸ್‌ಬಿ ಡ್ರೈವರ್ ಹಚ್ಚಿಕೊಂಡು ಅದನ್ನು ಹೊಸದಾಗಿ ಹುಡುಕಬೇಕು. 2015ರ ನಂತರದ ಲ್ಯಾಪ್‌ಟಾಪ್‌ಗಳಿಗೆ ವಿಂಡೋಸ್ 7 ಹಾಕಲು ಹೋದವರು ಈ ಸಂದಿಯಲ್ಲೇ ಸಿಕ್ಕಿಬಿದ್ದರು. ಇಂಟೆಲ್‌ನ ಆ ಹೊಸ ಯಂತ್ರಗಳಲ್ಲಿ ಹಳೆಯ ಯುಎಸ್‌ಬಿ ನಿಯಂತ್ರಕ ಇರಲಿಲ್ಲ, ಹೊಸದರ ಡ್ರೈವರ್ ವಿಂಡೋಸ್ 7ರಲ್ಲಿ ಇರಲಿಲ್ಲ. ಇನ್‌ಸ್ಟಾಲರ್ ಚೆನ್ನಾಗಿಯೇ ತೆರೆದುಕೊಂಡು, ಆಮೇಲೆ ಸಿಡಿ ಡ್ರೈವ್‌ನ ಡ್ರೈವರ್ ಇಲ್ಲ ಎಂದು ದೂರುತ್ತಿತ್ತು. ಆ ಲ್ಯಾಪ್‌ಟಾಪ್‌ನಲ್ಲಿ ಸಿಡಿ ಡ್ರೈವೇ ಇರದಿದ್ದರೂ ಅದೇ ಮಾತು. ಯುಎಸ್‌ಬಿ ಮೌಸೂ ಸತ್ತಿರುತ್ತಿದ್ದುದರಿಂದ ಅದರಲ್ಲಿ ‘ಕ್ಯಾನ್ಸಲ್’ ಒತ್ತಲೂ ಆಗುತ್ತಿರಲಿಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ ಗಟ್ಟಿಮುಟ್ಟು ಲ್ಯಾಪ್‌ಟಾಪ್‌ಗಳು ಎಷ್ಟೋ ಮನೆಗಳಲ್ಲಿವೆ. ಅವುಗಳ ಹಾರ್ಡ್ ಡಿಸ್ಕ್ ಮುಟ್ಟದೆಯೇ ಲಿನಕ್ಸ್ ಓಡಿಸಿ ನೋಡಬಹುದು. ಪೆನ್‌ಡ್ರೈವ್‌ನಲ್ಲಿ ಇಡೀ ವ್ಯವಸ್ಥೆ ಸಾಮಾನ್ಯವಾಗಿ ಅದುಮಿಟ್ಟ ಫೈಲಿನ ರೂಪದಲ್ಲಿರುತ್ತದೆ. ಲಿನಕ್ಸ್ ಬೇಕಾದ ಚೂರನ್ನು ಬೇಕಾದಾಗ ಹಿಗ್ಗಿಸಿ ಓದುತ್ತದೆ, ನೀವು ಮಾಡುವ ಬದಲಾವಣೆಗಳು ರ‍್ಯಾಮ್‌ನಲ್ಲಿದ್ದು, ಆಫ್ ಮಾಡಿದಾಗ ಮಾಯ. ವೈಫೈ, ಧ್ವನಿ, ಕ್ಯಾಮೆರಾ ಸರಿಯಿವೆಯೆಂದು ಖಾತ್ರಿಯಾದ ಮೇಲೆ ಇನ್‌ಸ್ಟಾಲ್ ಒತ್ತಿದರಾಯಿತು. ಡೆಬಿಯನ್‌ನ ಇನ್‌ಸ್ಟಾಲರ್‌ನಲ್ಲಿ ಭಾಷೆಯ ಪಟ್ಟಿಯಲ್ಲಿ ಕನ್ನಡವೂ ಇದೆ, ಬರಿಯ ಅಕ್ಷರಗಳ ಪರದೆಯ ಬದಲು ಚಿತ್ರರೂಪದ ಇನ್‌ಸ್ಟಾಲರ್ ಆರಿಸಿಕೊಳ್ಳಬೇಕಷ್ಟೇ.

ಕೆಲಸ ಮುಗಿದ ಮೇಲೆ 32 ಜಿಬಿಯ ಪೆನ್‌ಡ್ರೈವ್ ವಿಂಡೋಸ್‌ನಲ್ಲಿ ಬರೀ ಕೆಲವು ಎಂಬಿ ತೋರಿಸಿದರೆ ಗಾಬರಿ ಬೇಡ. ಕೆಟ್ಟಿತೆಂದು ಬಿಸಾಡಿದವರೂ ಉಂಟು. ಐಎಸ್‌ಒದ ಜೊತೆ ಬಂದ ಆ 64 ಬೈಟ್‌ನ ಪಟ್ಟಿ ಮತ್ತು ಅದರ ಸುತ್ತಲಿನ ವಿವರಗಳು ಇನ್ನೂ ಅಲ್ಲೇ ಕೂತಿವೆ, ವಿಂಡೋಸ್ ಅವನ್ನೇ ನಂಬಿದೆ. ವಿಂಡೋಸ್‌ನದ್ದೇ ‘ಡಿಸ್ಕ್‌ಪಾರ್ಟ್’ ತೆರೆದು, ಸರಿಯಾದ ಡಿಸ್ಕಿನ ಸಂಖ್ಯೆಯನ್ನೇ ಆರಿಸಿದ್ದೀರೆಂದು ಇನ್ನೊಮ್ಮೆ ನೋಡಿಕೊಂಡು ‘ಕ್ಲೀನ್’ ಎಂದು ಕೊಟ್ಟು, ಮತ್ತೆ ಫಾರ್ಮ್ಯಾಟ್ ಮಾಡಿದರೆ 32 ಜಿಬಿ ವಾಪಸು ಬರುತ್ತದೆ.