ತಂತಿಯ ಇನ್ನೊಂದು ತುದಿ ಎಲ್ಲಿದೆ?

ಅಪಾರ್ಟ್‌ಮೆಂಟ್‌ನ ಸೆಕ್ಯುರಿಟಿ ಕೋಣೆಯ ಪರದೆಯಲ್ಲಿ ಒಂದು ಚೌಕ ಕಪ್ಪಾಗಿದೆ. ಅದರ ಮೇಲೆ ‘ಕ್ಯಾಮೆರಾ 23’ ಎಂದಷ್ಟೇ ಬರೆದಿದೆ. ಹಾಕಿಕೊಟ್ಟ ಕಾಂಟ್ರಾಕ್ಟರ್ ಫೋನ್ ಎತ್ತುತ್ತಿಲ್ಲ. ಎರಡು ಬೇಸ್‌ಮೆಂಟ್‌ಗಳ ತುಂಬ ಒಂದೇ ಥರದ ಬಿಳಿ ಡೋಮ್‌ಗಳು; ಏಣಿ ಹೊತ್ತು ಬಂದ ಹುಡುಗ ಯಾವುದರ ಕೆಳಗೆ ನಿಲ್ಲಿಸಲಿ ಎಂದು ಕೇಳುತ್ತಾನೆ. ಆಸ್ಪತ್ರೆಯ ಐಪಿ ಫೋನ್, ಕಾಲೇಜಿನ ವೈಫೈ ಡಬ್ಬಿ, ಗೋದಾಮಿನ ಬಾಗಿಲಿನ ಕಾರ್ಡ್ ರೀಡರ್, ಎಲ್ಲದರ ಕಥೆಯೂ ಇಷ್ಟೇ. ಉಪಕರಣದ ಹೆಸರು ಗೊತ್ತು, ನೆಟ್‌ವರ್ಕಿನಲ್ಲಿ ಅದರ ವಿಳಾಸ ಗೊತ್ತು, ಕಟ್ಟಡದಲ್ಲಿ ಅದು ಎಲ್ಲಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.

ಅದೃಷ್ಟಕ್ಕೆ ಈ ಉಪಕರಣಗಳೆಲ್ಲ ಊಟ ಮಾಡುವುದೂ ಮಾತಾಡುವುದೂ ಒಂದೇ ಕೇಬಲ್‌ನಲ್ಲಿ. ಪವರ್ ಓವರ್ ಈಥರ್ನೆಟ್, ಆಡುಮಾತಿನಲ್ಲಿ ಪಿಒಇ, ಎಂದರೆ ಇದೇ. ಐಇಇಇ ಸಂಸ್ಥೆ 2003ರಲ್ಲಿ ಇದರ ಮೊದಲ ಮಾನಕ ತಂದಾಗ ಒಂದು ಪೋರ್ಟ್ ಕೊಡಬಹುದಾಗಿದ್ದದ್ದು 15.4 ವ್ಯಾಟ್. 2009ರಲ್ಲಿ ಅದು 30ಕ್ಕೆ ಏರಿತು, 2018ರಲ್ಲಿ 90ಕ್ಕೆ. ಹುಡುಕುವವನಿಗೆ ಬೇಕಾದ ಸಂಗತಿ ಬೇರೆ: ಪ್ರತಿ ಉಪಕರಣಕ್ಕೂ ಸ್ವಿಚ್‌ನಿಂದ, ಅಂದರೆ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆಯಿಂದ, ಅದರದ್ದೇ ಒಂದು ತಂತಿ ಹೋಗಿರುತ್ತದೆ, ಆ ತಂತಿ 100 ಮೀಟರ್ ಮೀರುವಂತಿಲ್ಲ. ಹಾಗಾಗಿ ‘ಎಲ್ಲಿದೆ’ ಎಂಬ ಪ್ರಶ್ನೆ ಮೂರಾಗಿ ಒಡೆಯುತ್ತದೆ. ಯಾವ ಪೋರ್ಟ್? ಎಷ್ಟು ದೂರ? ಯಾವ ಜಾಗ? ಮೊದಲನೆಯದಕ್ಕೆ ಸ್ವಿಚ್ ಖಚಿತ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಅಂದಾಜು ಉತ್ತರ. ಮೂರನೆಯದಕ್ಕೆ ಸ್ವಿಚ್ ಬಾಯಿ ಬಿಡುವುದಿಲ್ಲ.

ಪೋರ್ಟ್ ಹುಡುಕುವುದರಿಂದ ಶುರು ಮಾಡೋಣ. ಪ್ರತಿ ಉಪಕರಣಕ್ಕೂ ಕಾರ್ಖಾನೆಯಲ್ಲೇ ಕೊಟ್ಟ ಒಂದು ಮ್ಯಾಕ್ ವಿಳಾಸವಿದೆ. ಅದರ ಮೊದಲ ಅರ್ಧ ತಯಾರಕರಿಗೆ ಐಇಇಇ ಹಂಚಿದ್ದು. ಅದನ್ನು ನೋಡಿಯೇ ಇದು ಯಾವ ಕಂಪನಿಯ ಸರಕು ಎಂದು ಹೇಳಬಹುದು. ಯಾವ ಪೋರ್ಟಿನಿಂದ ಯಾವ ಮ್ಯಾಕ್ ಮಾತಾಡಿತು ಎಂಬ ಪಟ್ಟಿಯನ್ನು ಸ್ವಿಚ್ ಸದಾ ಬರೆದುಕೊಳ್ಳುತ್ತಲೇ ಇರುತ್ತದೆ. ಕ್ಯಾಮೆರಾದ ಐಪಿ ವಿಳಾಸ ರೆಕಾರ್ಡರ್‌ನಲ್ಲಿ ಸಿಗುತ್ತದೆ. ಅದಕ್ಕೆ ‘ಇದ್ದೀಯಾ?’ ಎಂದು ಕೇಳುವ ಒಂದು ಪಿಂಗ್ ಕಳಿಸಿ, ರೌಟರ್‌ನ ಎಆರ್‌ಪಿ ಪಟ್ಟಿಯಲ್ಲಿ (ಯಾವ ಐಪಿಗೆ ಯಾವ ಮ್ಯಾಕ್ ಎಂಬ ಪಟ್ಟಿ ಅದು) ಮ್ಯಾಕ್ ನೋಡಿಕೊಂಡು, ಮುಖ್ಯ ಸ್ವಿಚ್‌ನಲ್ಲಿ ಆ ಮ್ಯಾಕ್ ಯಾವ ಪೋರ್ಟ್‌ನಲ್ಲಿದೆ ಎಂದು ಕೇಳಿ. ಆ ಪೋರ್ಟ್ ಇನ್ನೊಂದು ಸ್ವಿಚ್‌ಗೆ ಹೋಗುತ್ತಿದ್ದರೆ ಅಲ್ಲಿ ಮತ್ತೆ ಅದೇ ಪ್ರಶ್ನೆ. ಹೀಗೆ ಹೋಗುತ್ತ ಹೋಗುತ್ತ ಒಂದೇ ಒಂದು ಮ್ಯಾಕ್ ಇರುವ ಪೋರ್ಟ್ ಸಿಕ್ಕರೆ ಅದೇ ಕೊನೆಯ ನಿಲ್ದಾಣ. ಪಿಂಗ್ ಮೊದಲು ಮಾಡಬೇಕು ಎನ್ನಲು ಕಾರಣವಿದೆ: ಸುಮ್ಮನಿರುವ ಉಪಕರಣದ ಹೆಸರನ್ನು ಸಾಮಾನ್ಯವಾಗಿ 300 ಸೆಕೆಂಡುಗಳಲ್ಲಿ ಸ್ವಿಚ್ ಪಟ್ಟಿಯಿಂದ ಅಳಿಸಿಬಿಡುತ್ತದೆ.

ಒಂದೇ ಪೋರ್ಟಿನಲ್ಲಿ ಎರಡು ಮ್ಯಾಕ್ ಕಂಡರೆ ಗಾಬರಿ ಬೇಡ. ಐಪಿ ಫೋನ್‌ನ ಹಿಂದೆ ಕಂಪ್ಯೂಟರ್ ಸಿಕ್ಕಿಸಿರುತ್ತಾರೆ, ಅಷ್ಟೇ. ಏಳೆಂಟು ಕಂಡರೆ ಯಾರೋ ದಾರಿಯಲ್ಲಿ ಎಂಟು ಪೋರ್ಟಿನ ಅಗ್ಗದ ಸ್ವಿಚ್ ಒಂದನ್ನು ಫಾಲ್ಸ್ ಸೀಲಿಂಗ್ ಮೇಲೆ ಅಡಗಿಸಿಟ್ಟಿದ್ದಾರೆ ಎಂದೇ ತಿಳಿಯಿರಿ. ಅದರಾಚೆಗೆ ನಿಮ್ಮ ದೊಡ್ಡ ಸ್ವಿಚ್‌ಗೆ ಕಣ್ಣು ಕಾಣದು.

ಇನ್ನೊಂದು ದಾರಿ ಎಲ್‌ಎಲ್‌ಡಿಪಿ. ಕೇಬಲ್‌ನ ಎರಡೂ ತುದಿಯವರು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ‘ನಾನು ಇಂಥವನು, ನನ್ನ ಇಂಥ ಪೋರ್ಟ್’ ಎಂದು ಪರಿಚಯ ಹೇಳಿಕೊಳ್ಳುವ ಪದ್ಧತಿ ಇದು. ಈ ಪರಿಚಯವನ್ನು ಸ್ವಿಚ್ ಮುಂದಕ್ಕೆ ದಾಟಿಸುವುದಿಲ್ಲ. ಆದ್ದರಿಂದ ಕೇಳಿಸಿತು ಎಂದರೆ ಹೇಳಿದವನು ಪಕ್ಕದಲ್ಲೇ ಇದ್ದಾನೆ ಎಂದರ್ಥ. ಸಿಸ್ಕೋ ಉಪಕರಣಗಳಲ್ಲಿ ಇದೇ ಕೆಲಸವನ್ನು ಸಿಡಿಪಿ ಮಾಡುತ್ತದೆ. ಫೋನ್‌ಗಳು, ವೈಫೈ ಆಕ್ಸೆಸ್ ಪಾಯಿಂಟ್‌ಗಳು ಈ ಮಾತನ್ನು ಚೆನ್ನಾಗಿ ಆಡುತ್ತವೆ. ಅಗ್ಗದ ಕ್ಯಾಮೆರಾಗಳು ಬಹುಪಾಲು ಮೂಕ.

ನಮ್ಮ ಕ್ಯಾಮೆರಾ 23 ಸತ್ತೇ ಹೋಗಿದ್ದರೆ? ಪಿಂಗ್‌ಗೆ ಉತ್ತರವಿಲ್ಲ, ಮ್ಯಾಕ್ ಕೂಡ ಪಟ್ಟಿಯಿಂದ ಮಾಯ. ಆಗ ನೆರವಿಗೆ ಬರುವುದು ವಿದ್ಯುತ್ತಿನ ಲೆಕ್ಕ. ಪಿಒಇ ಸ್ವಿಚ್ ಸಿಕ್ಕಿಸಿದ್ದಕ್ಕೆಲ್ಲ ಕಣ್ಣುಮುಚ್ಚಿ ಕರೆಂಟ್ ಬಿಡುವುದಿಲ್ಲ. ಮೊದಲು 10 ವೋಲ್ಟ್ ಮೀರದ ಸಣ್ಣ ಒತ್ತಡ ಕೊಟ್ಟು, ಆಚೆ ತುದಿಯಲ್ಲಿ ಸುಮಾರು 25 ಕಿಲೋ ಓಮ್ ರೋಧವಿದೆಯೇ ಎಂದು ತಡವಿ ನೋಡುತ್ತದೆ. ಇದ್ದರೆ ಮಾತ್ರ, ಎಷ್ಟು ವ್ಯಾಟ್ ಬೇಕೆಂದು ವಿಚಾರಿಸಿ, 50 ವೋಲ್ಟ್ ಆಸುಪಾಸಿನ ಪೂರ್ತಿ ಒತ್ತಡ ಕೊಡುತ್ತದೆ. ಪ್ರತಿ ಪೋರ್ಟಿನ ಈ ಸ್ಥಿತಿಯನ್ನು ಸ್ವಿಚ್‌ನ ಪಿಒಇ ಪುಟದಲ್ಲಿ ನೋಡಬಹುದು. ಒಂದು ಪೋರ್ಟ್ ಕರೆಂಟ್ ಕೊಡುತ್ತಿದೆ, ಆದರೆ ಮಾಹಿತಿ ಓಡಾಡುತ್ತಿಲ್ಲ ಎಂದರೆ ಕ್ಯಾಮೆರಾಕ್ಕೆ ಜೀವವಿದೆ, ಹ್ಯಾಂಗ್ ಆಗಿದೆ. ಅಲ್ಲೇ ಕರೆಂಟ್ ತೆಗೆದು ಕೊಟ್ಟರೆ ಬಹಳ ಸಲ ಸರಿಹೋಗುತ್ತದೆ, ಏಣಿಯೇ ಬೇಡ. ನಿನ್ನೆವರೆಗೆ ಕೊಡುತ್ತಿದ್ದ ಪೋರ್ಟ್ ಇವತ್ತು ‘ಹುಡುಕುತ್ತಿದೆ’ ಎಂದು ತೋರಿಸಿದರೆ ಕೇಬಲ್ ಕಡಿದಿದೆ, ಕಳಚಿದೆ, ಇಲ್ಲವೇ ಕ್ಯಾಮೆರಾ ಸುಟ್ಟಿದೆ. ಸ್ವಿಚ್‌ನ ಲಾಗ್‌ನಲ್ಲಿ ಆ ಗಳಿಗೆಯೂ ದಾಖಲಾಗಿರುತ್ತದೆ, ಏಕೆಂದರೆ ಉಪಕರಣ ಕನಿಷ್ಠ ಕರೆಂಟ್ ಎಳೆಯುವುದನ್ನು ನಿಲ್ಲಿಸಿದ ಅರ್ಧ ಸೆಕೆಂಡಿನೊಳಗೆ ಸ್ವಿಚ್ ಒತ್ತಡ ತೆಗೆದುಬಿಡುತ್ತದೆ.

ವ್ಯಾಟ್ ಲೆಕ್ಕದಿಂದ ಇನ್ನೊಂದು ಉಪಯೋಗವಿದೆ, ಇದನ್ನು ಬಳಸುವವರು ಕಡಿಮೆ. ಕ್ಯಾಮೆರಾದ ಕೆಳಗೆ ನಿಂತಿದ್ದೀರಿ, ಅದರ ಪೋರ್ಟ್ ಗೊತ್ತಿಲ್ಲ, ಚಿತ್ರವೂ ಬರುತ್ತಿಲ್ಲ ಎಂದುಕೊಳ್ಳಿ. ಡೋಮ್ ಅನ್ನು ದಪ್ಪ ಬಟ್ಟೆಯಿಂದ ಮುಚ್ಚಿ. ಕತ್ತಲಾಯಿತೆಂದು ಕ್ಯಾಮೆರಾ ರಾತ್ರಿಯ ಇನ್‌ಫ್ರಾರೆಡ್ ದೀಪಗಳನ್ನು ಹೊತ್ತಿಸುತ್ತದೆ. ಸ್ವಿಚ್ ಪುಟ ನೋಡುತ್ತ ಕೂತ ಇನ್ನೊಬ್ಬರಿಗೆ ಒಂದು ಪೋರ್ಟಿನ ವ್ಯಾಟ್ ಮಾತ್ರ ಏರುವುದು ಕಾಣುತ್ತದೆ. ಅದೇ ಪೋರ್ಟ್.

ಇದರ ತಿರುಗುಮುರುಗು ವಿಧಾನ ಎಲ್ಲರಿಗೂ ಗೊತ್ತಿರುವುದೇ: ಒಂದೊಂದೇ ಪೋರ್ಟಿನ ಕರೆಂಟ್ ತೆಗೆದು, ಎಲ್ಲಿ ಏನು ಆರಿತು ಎಂದು ನೋಡುವುದು. ಕೆಲಸವಾಗುತ್ತದೆ, ಆದರೆ ಕಚೇರಿ ಸಮಯದಲ್ಲಿ ಇದಕ್ಕೆ ಕೈಹಾಕಬೇಡಿ. ಬಾಗಿಲಿನ ಅಯಸ್ಕಾಂತದ ಬೀಗಕ್ಕೆ ಅದೇ ಪೋರ್ಟಿನಿಂದ ಕರೆಂಟ್ ಹೋಗುತ್ತಿದ್ದರೆ, ಕರೆಂಟ್ ಹೋದ ಕ್ಷಣ ಬಾಗಿಲು ತೆರೆದುಕೊಳ್ಳುತ್ತದೆ. ಬೆಂಕಿ ಬಿದ್ದಾಗ ಜನ ಒಳಗೆ ಸಿಕ್ಕಿಕೊಳ್ಳಬಾರದೆಂದೇ ಅದನ್ನು ಹಾಗೆ ಮಾಡಿರುತ್ತಾರೆ.

ಈಗ ದೂರದ ಮಾತು. ತಂತಿಯೊಳಗೆ ಒಂದು ಚಿಕ್ಕ ವಿದ್ಯುತ್ ಮಿಡಿತ ಬಿಟ್ಟರೆ, ತಂತಿ ಕಡಿದ ಜಾಗದಲ್ಲಿ ಅದು ಬಡಿದು ಹಿಂದಿರುಗುತ್ತದೆ. ಹೋಗಿಬರಲು ಹಿಡಿದ ಸಮಯದಿಂದ ದೂರ ಸಿಗುತ್ತದೆ. ಇದಕ್ಕೆ ಟಿಡಿಆರ್ ಎನ್ನುತ್ತಾರೆ. ನೆಟ್‌ವರ್ಕ್ ಕೇಬಲ್‌ನಲ್ಲಿ ಸಂಕೇತದ ವೇಗ ಬೆಳಕಿನ ವೇಗದ ಸುಮಾರು ಮೂರನೆಯ ಎರಡು ಪಾಲು, ಅಂದರೆ ಮೀಟರಿಗೆ ಐದು ನ್ಯಾನೋ ಸೆಕೆಂಡು. 50 ಮೀಟರ್ ಆಚೆ ತಂತಿ ಕಡಿದಿದ್ದರೆ ಪ್ರತಿಧ್ವನಿ 500 ನ್ಯಾನೋ ಸೆಕೆಂಡಿನಲ್ಲಿ ವಾಪಸ್. ಇಷ್ಟು ಸೂಕ್ಷ್ಮ ಅಳತೆಗೆ ಬೇರೆ ಯಂತ್ರವೇ ಬೇಕೆಂದಿಲ್ಲ. ಅನೇಕ ಗಿಗಾಬಿಟ್ ಸ್ವಿಚ್‌ಗಳ ಚಿಪ್‌ನಲ್ಲೇ ಈ ಸೌಲಭ್ಯವಿದ್ದು, ಮೆನುವಿನಲ್ಲಿ ‘ಕೇಬಲ್ ಟೆಸ್ಟ್’ ಅಥವಾ ‘ಕೇಬಲ್ ಡಯಾಗ್ನೋಸ್ಟಿಕ್ಸ್’ ಎಂಬ ಹೆಸರಲ್ಲಿ ಅಡಗಿರುತ್ತದೆ. 2020ರಲ್ಲಿ ಬಂದ ಲಿನಕ್ಸ್ 5.8ರಿಂದ ಈಚೆಗೆ, ಹಾರ್ಡ್‌ವೇರ್ ಬೆಂಬಲವಿದ್ದರೆ, ಈಥ್‌ಟೂಲ್ ಆಜ್ಞೆಯಿಂದಲೂ ಇದನ್ನು ಮಾಡಬಹುದು. ಪರೀಕ್ಷೆಯ ಹೊತ್ತಿಗೆ ಆ ಪೋರ್ಟಿನ ಸಂಪರ್ಕ ಕ್ಷಣಕಾಲ ತಪ್ಪುತ್ತದೆ ಎಂಬುದು ನೆನಪಿರಲಿ.

ಟಿಡಿಆರ್‌ನ ನಿಜವಾದ ಬಲ ಇರುವುದು ಕೆಟ್ಟ ಕೇಬಲ್‌ನಲ್ಲಿ. ಸರಿಯಾಗಿ ಜೋಡಿಸಿದ ಉಪಕರಣ ಮಿಡಿತವನ್ನು ನುಂಗಿಬಿಡುತ್ತದೆ, ಹಾಗಾಗಿ ಪ್ರತಿಧ್ವನಿಯೇ ಇರುವುದಿಲ್ಲ. ಚೆನ್ನಾಗಿರುವ ಕೇಬಲ್‌ನ ಉದ್ದವನ್ನು ಸ್ವಿಚ್ ಹೇಳಿದರೂ ಅದು ಕೆಲವು ಮೀಟರ್ ಆಚೀಚೆಯ ಅಂದಾಜು. ಕ್ಯಾಮೆರಾ 23ರ ಕೇಬಲ್ 61 ಮೀಟರ್ ಎಂದು ಹಾಕಿದ ದಿನ ಬರೆದಿಟ್ಟಿದ್ದು, ಇಂದು ಪರೀಕ್ಷೆ ‘38 ಮೀಟರ್‌ನಲ್ಲಿ ತೆರೆದಿದೆ’ ಎಂದರೆ, ಕ್ಯಾಮೆರಾದ ಬಳಿ ಹೋಗುವುದೇ ದಂಡ. ನಡುದಾರಿಯ ಟ್ರೇನಲ್ಲಿ ಇಲಿ ಕಡಿದಿರುವ ಜಾಗ ಹುಡುಕಬೇಕು. 61 ಎಂದು ಬರೆದಿಡದಿದ್ದರೆ 38ಕ್ಕೆ ಅರ್ಥವೇ ಇಲ್ಲ. ಬರೆದಿಡಲು ಯಂತ್ರವೂ ಬೇಡ; ಬಹಳಷ್ಟು ಕೇಬಲ್‌ಗಳ ಹೊರಕವಚದ ಮೇಲೆ ಮೀಟರ್ ಸಂಖ್ಯೆ ಅಚ್ಚಾಗಿರುತ್ತದೆ. ಎರಡೂ ತುದಿಯ ಸಂಖ್ಯೆಗಳನ್ನು ಕಳೆದರೆ ಉದ್ದ ಸಿಕ್ಕಿತು.

ಪಿಒಇ ಕೇಬಲ್‌ನಲ್ಲಿ ಉದ್ದ ತಿಳಿಯಲು ಇನ್ನೊಂದು ಉಪಾಯವಿದೆ. ತಾಮ್ರದ ಸಾಮಾನ್ಯ ನೆಟ್‌ವರ್ಕ್ ತಂತಿಯ ಒಂದೊಂದು ಎಳೆಗೂ 100 ಮೀಟರಿಗೆ ಸುಮಾರು 8.4 ಓಮ್ ರೋಧ. ಹೋಗಲು ಎರಡು ಎಳೆ, ಬರಲು ಎರಡು ಎಳೆ ಬಳಸಿದರೆ ಒಟ್ಟು ಸುತ್ತಿನ ರೋಧವೂ 100 ಮೀಟರಿಗೆ ಅಷ್ಟೇ ಆಗುತ್ತದೆ. ಸ್ವಿಚ್ 53 ವೋಲ್ಟ್ ಕಳಿಸುತ್ತಿದೆ, ಉಪಕರಣ ತನಗೆ 52 ತಲುಪಿತು ಎನ್ನುತ್ತದೆ, ಹರಿಯುವ ಕರೆಂಟ್ ಕಾಲು ಆಂಪಿಯರ್ ಎಂದರೆ ದಾರಿಯ ರೋಧ 4 ಓಮ್. ಉದ್ದ 48 ಮೀಟರ್ ಆಸುಪಾಸು. ತನಗೆ ತಲುಪಿದ ವೋಲ್ಟೇಜ್ ವರದಿ ಮಾಡುವ ಉಪಕರಣಗಳಲ್ಲಿ ಮಾತ್ರ ಇದು ಸಾಧ್ಯ. ಅಲ್ಲಿಯೂ ಎರಡು ಮೋಸಗಳಿವೆ. ಬಿಸಿಯಾದಷ್ಟೂ ತಾಮ್ರದ ರೋಧ ಏರುತ್ತದೆ, ಪ್ರತಿ 10 ಡಿಗ್ರಿಗೆ ಶೇ 4ರಷ್ಟು. ಕಲಬುರಗಿಯ ಮೇ ತಿಂಗಳಲ್ಲಿ ತಾರಸಿ ಕೆಳಗಿನ ಕೇಬಲ್ ಇದ್ದದ್ದಕ್ಕಿಂತ ಉದ್ದ ತೋರಿಸುತ್ತದೆ. ಎರಡನೆಯದು ಸಿಸಿಎ, ಅಂದರೆ ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್. ಅದರ ರೋಧ ಸುಮಾರು ಒಂದೂವರೆ ಪಟ್ಟು. ಟಿಡಿಆರ್ 50 ಮೀಟರ್ ಅಂದು, ರೋಧದ ಲೆಕ್ಕ 75 ಅಂದರೆ, ನಿಮಗೆ ಯಾವ ಕೇಬಲ್ ಮಾರಿದ್ದಾರೆಂದು ಗೊತ್ತಾಯಿತು. ದೂರ ಅಳೆಯುವುದಕ್ಕಿಂತ ಇಂಥ ಕಳಪೆ ಮಾಲು ಪತ್ತೆಮಾಡಲು ಈ ವಿಧಾನ ಹೆಚ್ಚು ಉಪಯುಕ್ತ ಎಂದೇ ನನ್ನ ಎಣಿಕೆ.

ಪೋರ್ಟ್ ಗೊತ್ತಾಯಿತು, 48 ಮೀಟರ್ ಎಂದೂ ಗೊತ್ತಾಯಿತು. ಯಾವ ದಿಕ್ಕಿಗೆ 48 ಮೀಟರ್? ಟೋನರ್ ಎಂಬ ಜೋಡಿ ಸಾಧನ ಇಲ್ಲಿ ಕೈಹಿಡಿಯುತ್ತದೆ: ಒಂದು ತುದಿಯಲ್ಲಿ ಸಂಕೇತ ಬಿಟ್ಟು, ಪೆನ್ನಿನಂಥ ಇನ್ನೊಂದನ್ನು ಕೇಬಲ್ ಕಟ್ಟುಗಳ ಹತ್ತಿರ ಆಡಿಸಿದರೆ ಸರಿಯಾದ ಕೇಬಲ್ ಬಳಿ ಕೀರಲು ಸದ್ದು ಬರುತ್ತದೆ. ಪಿಒಇ ತಾಳುವಂತೆ ಮಾಡಿದ ಟೋನರ್ ಅಲ್ಲದಿದ್ದರೆ ಮೊದಲು ಕೇಬಲನ್ನು ಸ್ವಿಚ್‌ನಿಂದ ಕಳಚಿ, ಆಮೇಲೆ ಹಚ್ಚಿ.

ಜಾಗವನ್ನು ತಿಳಿಯುವುದು ಏಣಿಯ ಪ್ರಶ್ನೆ ಮಾತ್ರವಲ್ಲ. 2013ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆಕ್ಸಸ್‌ನ ಮಾರ್ಷಲ್ ಎಂಬ ಊರಿನ ಮೋಟೆಲ್ ಕೋಣೆಯಲ್ಲಿ ಕಾರಿ ಹಂಟ್ ಎಂಬಾಕೆಯ ಕೊಲೆಯಾಯಿತು. ಒಂಬತ್ತು ವರ್ಷದ ಮಗಳು ಮತ್ತೆ ಮತ್ತೆ ಅಲ್ಲಿನ ತುರ್ತು ಸಂಖ್ಯೆ 911 ಒತ್ತಿದರೂ ಕರೆ ಹೋಗಲಿಲ್ಲ. ಹೊರಗಿನ ಲೈನಿಗೆ ಮೊದಲು 9 ಒತ್ತಬೇಕಿತ್ತು. ಇದರ ಪರಿಣಾಮವಾಗಿ 2018ರಲ್ಲಿ ನೇರವಾಗಿ 911 ಹೋಗಲೇಬೇಕೆಂಬ ‘ಕಾರೀಸ್ ಲಾ’ ಬಂತು. ಅದೇ ವರ್ಷದ ‘ರೇ ಬಾಮ್ಸ್ ಆಕ್ಟ್’ ಅಡಿಯ ನಿಯಮಗಳು ಕರೆಯ ಜೊತೆ ಬೀದಿ ವಿಳಾಸವಷ್ಟೇ ಅಲ್ಲ, ಮಹಡಿ, ಕೋಣೆಯಂಥ ವಿವರವೂ ಹೋಗಬೇಕೆಂದವು. ಐಪಿ ಫೋನನ್ನು ಕಿತ್ತು ಇನ್ನೊಂದು ಮಹಡಿಯಲ್ಲಿ ಸಿಕ್ಕಿಸಿದರೂ ಅದೇ ಎಕ್ಸ್‌ಟೆನ್ಷನ್ ನಡೆಯುತ್ತದೆ. ಹಾಗಿದ್ದಾಗ ಕೋಣೆ ಹೇಳುವವರು ಯಾರು? ಎಲ್‌ಎಲ್‌ಡಿಪಿಯ ವಿಸ್ತೃತ ರೂಪವಾದ ಎಲ್‌ಎಲ್‌ಡಿಪಿ-ಮೆಡ್ ಇದಕ್ಕೆ ಒಂದು ದಾರಿ. ಪ್ರತಿ ಪೋರ್ಟಿಗೆ ವಿಳಾಸವನ್ನು ಸ್ವಿಚ್‌ನಲ್ಲೇ ತುಂಬಿಟ್ಟರೆ, ಸಿಕ್ಕಿಸಿದ ಫೋನಿಗೆ ಸ್ವಿಚ್ ಅದನ್ನು ಹೇಳಿಕೊಡುತ್ತದೆ. ಗಮನಿಸಿ, ಆ ವಿಳಾಸ ತುಂಬಿದ್ದು ಮನುಷ್ಯನೇ.

ದೀಪಗಳಿಗೂ ಪಿಒಇ ಬಂದಮೇಲೆ ಈ ತುಂಬುವ ಕೆಲಸದ ಗಾತ್ರವೇ ಬದಲಾಗಿದೆ. ಆಮ್‌ಸ್ಟರ್‌ಡ್ಯಾಮ್‌ನ ‘ದಿ ಎಡ್ಜ್’ ಕಟ್ಟಡದಲ್ಲಿ ಆರು ಸಾವಿರಕ್ಕೂ ಹೆಚ್ಚು ದೀಪಗಳು ನೆಟ್‌ವರ್ಕ್‌ನಲ್ಲಿವೆ. ಇಂಥ ಕಡೆ ದೀಪ ತನ್ನನ್ನು ತಾನೇ ಮಿನುಗಿಸಿ ‘ಇಲ್ಲಿದ್ದೇನೆ’ ಎನ್ನಬಲ್ಲದು ಎಂಬುದೇ ಅನುಕೂಲ. ಮುಂದೆ ಬರುತ್ತಿರುವ ಒಂದೇ ಜೋಡಿ ಎಳೆಯ ಈಥರ್ನೆಟ್‌ನಲ್ಲಿ ಪಾಡು ಇನ್ನೂ ಕಷ್ಟ. 2019ರಲ್ಲಿ ಮಾನಕವಾದ 10ಬೇಸ್-ಟಿ1ಎಸ್ ವಿಧಾನದಲ್ಲಿ ಎಂಟೋ ಹೆಚ್ಚೋ ಉಪಕರಣಗಳು ಒಂದೇ ತಂತಿಗೆ ಉದ್ದಕ್ಕೂ ಅಂಟಿಕೊಂಡಿರುತ್ತವೆ. ಪೋರ್ಟ್ ಗೊತ್ತಾದರೂ ಯಾವುದು ಮೊದಲು, ಯಾವುದು ಕೊನೆ ಎಂಬುದು ಗೊತ್ತಾಗದು. ಹಾಗಾಗಿ ಉಪಕರಣಗಳು ತಮ್ಮ ನಡುವೆ ಸಂಕೇತ ಹೋಗಿಬರುವ ಸಮಯ ಅಳೆದು ಸಾಲಿನಲ್ಲಿ ತಮ್ಮ ಸ್ಥಾನ ಕಂಡುಕೊಳ್ಳುವ ವಿಧಾನಗಳನ್ನು ರೂಪಿಸಲಾಗಿದೆ.

ಇಷ್ಟೆಲ್ಲ ಆದರೂ ‘ಬೇಸ್‌ಮೆಂಟ್ 2, ಲಿಫ್ಟ್ ಎದುರಿನ ಕಂಬ’ ಎಂಬ ಮಾತು ಯಾವ ತಂತಿಯಿಂದಲೂ ಹೊರಡುವುದಿಲ್ಲ. ಅದನ್ನು ಪೋರ್ಟಿನ ವಿವರಣೆಯ ಜಾಗದಲ್ಲಿ ಬರೆದಿರಬೇಕು, ಕೇಬಲ್‌ನ ಎರಡೂ ತುದಿಯ ಲೇಬಲ್‌ನಲ್ಲಿ ಇರಬೇಕು, ಒಂದು ಪುಸ್ತಕದಲ್ಲೋ ಎಕ್ಸೆಲ್ ಹಾಳೆಯಲ್ಲೋ ಇರಬೇಕು. ದೊಡ್ಡ ಕಟ್ಟಡವಾದರೆ ನೆಟ್‌ಬಾಕ್ಸ್‌ನಂಥ ಉಚಿತ ತಂತ್ರಾಂಶವಿದೆ. ಲೇಬಲ್‌ಗೆ ಮಾರ್ಕರ್ ಪೆನ್ ಸಾಲದು, ಬೇಸ್‌ಮೆಂಟಿನ ತೇವಕ್ಕೆ ಎರಡು ಮಳೆಗಾಲದಲ್ಲಿ ಅಳಿಸಿಹೋಗುತ್ತದೆ. ಅಚ್ಚಾದ ಪಟ್ಟಿ ಅಥವಾ ಸಂಖ್ಯೆಯ ಫೆರೂಲ್ ಹಾಕಿಸಿ. ಕ್ಯಾಮೆರಾ ಕೆಲಸ ಮುಗಿಯಿತೆಂದು ಕಾಂಟ್ರಾಕ್ಟರ್ ಬಂದಾಗ ಪ್ರತಿ ಪೋರ್ಟಿನ ಸಂಖ್ಯೆ, ಉಪಕರಣದ ಮ್ಯಾಕ್, ಕೇಬಲ್‌ನ ಮೀಟರ್ ಉದ್ದ, ಜಾಗದ ವಿವರ ಇರುವ ಪಟ್ಟಿಯನ್ನೂ ಸ್ವಿಚ್‌ನ ಪಾಸ್‌ವರ್ಡನ್ನೂ ಕೇಳಿ ತೆಗೆದುಕೊಳ್ಳಿ. ಅವು ಕೈಗೆ ಬರುವವರೆಗೆ ಕೊನೆಯ ಕಂತಿನ ಚೆಕ್‌ಗೆ ಸಹಿ ಹಾಕಬೇಡಿ.